ಒಂದೇ ಕಂಪ್ಯೂಟರಿನಲ್ಲಿ ಎರಡು ವ್ಯವಸ್ಥೆಗಳು: ತೊಡಕು ಬಂದಲ್ಲಿ ನೋಡತಕ್ಕ ಕ್ರಮ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ಈಚೆಗೆ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಪದೇಪದೇ ಬರುತ್ತಿರುವುದರಿಂದ, ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಉತ್ತರ ಕೊಡುವುದಕ್ಕಿಂತ ಈ ಸ್ಮರಣ ಸಂಚಿಕೆಯಲ್ಲಿ ಅದನ್ನು ಒಂದು ಪಾಠದ ರೂಪದಲ್ಲಿ ಬರೆಯುವುದು ಲೇಸೆಂದು ನಮಗೆ ತೋರಿತು. ಪ್ರಶ್ನೆ ಯಾವುದೆಂದರೆ: ಮನೆಯ ಕಂಪ್ಯೂಟರಿನಲ್ಲಿ ಮೊದಲಿದ್ದ ವಿಂಡೋಸಿನ ಪಕ್ಕದಲ್ಲಿ ಮಗಳು ಲಿನಕ್ಸನ್ನು ಸ್ಥಾಪಿಸಿದಳು, ಈಗ ಎರಡರಲ್ಲಿ ಒಂದು ಕಾಣುವುದಿಲ್ಲ, ಅದರಲ್ಲಿದ್ದ ಕಾಗದಪತ್ರಗಳೆಲ್ಲ ಹೋದುವೇ? ಇದಕ್ಕೆ ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಬಹುಮಟ್ಟಿಗೆ ಏನೂ ಹೋಗಿರುವುದಿಲ್ಲ. ಆದರೆ ಗಾಬರಿಯಲ್ಲಿ ಇನ್ನು ಮೇಲೆ ಮಾಡುವ ಚಿಕಿತ್ಸೆಯಿಂದ ಹೋಗಬಹುದು. ರೋಗಕ್ಕಿಂತ ಮದ್ದಿನಿಂದಲೇ ಹೆಚ್ಚು ಮನೆಗಳು ನಷ್ಟಪಟ್ಟಿರುವುದನ್ನು ನಾವು ಕಂಡಿದ್ದೇವೆ.

ಈ ಪ್ರಶ್ನೆ ಈಗ ಹೆಚ್ಚಾಗಿರುವುದಕ್ಕೆ ಕಾರಣವುಂಟು. ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ೨೦೨೫ನೆಯ ಇಸವಿ ಅಕ್ಟೋಬರ್ ೧೪ಕ್ಕೆ ಮುಗಿಸಿದರು. ೨೦೨೧ರಲ್ಲಿ ಹೊರಬಂದ ವಿಂಡೋಸ್ ೧೧ಕ್ಕಾದರೋ ಟಿಪಿಎಂ ೨.೦ ಎಂಬ ರಕ್ಷಣಾ ಸಾಧನವೂ ಈಚಿನ ಕಾಲದ ಪ್ರೊಸೆಸರೂ ಇರಬೇಕು. ಹತ್ತು ವರ್ಷಗಳ ಹಿಂದೆ ಕೊಂಡ ಯಂತ್ರಗಳಲ್ಲಿ ಅನೇಕವು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗವು. ಯಂತ್ರ ಗಟ್ಟಿಯಾಗಿಯೇ ಇರುವುದರಿಂದ ಅದನ್ನು ಬಿಸಾಡಲು ಮನಸ್ಸು ಬರುವುದಿಲ್ಲ. ಇಂತಹ ಮನೆಗಳಲ್ಲಿ ಕಾಲೇಜು ಓದುವ ಹುಡುಗಿಯರು, ಖರ್ಚಿಲ್ಲದೆ ದೊರೆಯುವ ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳನ್ನು ತಂದು, ಹಳೆಯ ವಿಂಡೋಸನ್ನು ತೆಗೆಯದೆ ಅದರ ಮಗ್ಗುಲಲ್ಲಿಯೇ ಕೂರಿಸುತ್ತಾರೆ. ಯಂತ್ರ ಏಳುವಾಗ ಯಾವುದು ಬೇಕೆಂದು ಕೇಳುತ್ತದೆ, ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಲಿನಕ್ಸು ಹೊಸದಲ್ಲ. ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಅದೇ ಬಳಕೆಯಲ್ಲಿದ್ದು, ೨೦೧೭ರಿಂದ ಕೈಟ್ ಎಂಬ ಸರಕಾರಿ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ನಮ್ಮ ಕಡೆಯಲ್ಲಿಯೋ ಅದು ಇನ್ನೂ ಮನೆಗೆ ಬಂದ ಹೊಸ ಸೊಸೆಯಂತೆ. ಏನು ಕೆಟ್ಟರೂ ಮೊದಲು ಅದರ ಮೇಲೆಯೇ ಮಾತು ಬರುವುದು.

ಹೊಸದುರ್ಗ ತಾಲ್ಲೂಕು ಶ್ರೀರಾಂಪುರದ ಒಂದು ಮನೆಯಲ್ಲಿ ನಡೆದ ಸಂಗತಿಯನ್ನೇ ಉದಾಹರಣೆಗಾಗಿ ತೆಗೆದುಕೊಳ್ಳುತ್ತೇವೆ. ಮನೆಯ ಯಜಮಾನರು ಪತ್ರ ಬರಹಗಾರರು. ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳನ್ನು ಬರೆದುಕೊಟ್ಟು ಜೀವನ ಸಾಗಿಸುವವರು. ಹದಿನೈದು ವರ್ಷಗಳಿಗೆ ಮೇಲ್ಪಟ್ಟು ಅವರು ಬರೆದ ಕರಡುಗಳೆಲ್ಲ ಆ ಒಂದು ಯಂತ್ರದಲ್ಲಿದ್ದುವು. ಒಂದು ಜಮೀನಿನ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರ ತೋಟ, ಪಶ್ಚಿಮಕ್ಕೆ ಯಾವ ಹಳ್ಳ ಎಂಬುದನ್ನು ಎಷ್ಟೋ ವರ್ಷಗಳ ತರುವಾಯ ಯಾರಾದರೂ ಬಂದು ಕೇಳಿದರೆ, ಹಳೆಯ ಫೈಲನ್ನು ತೆರೆದು ಹೇಳಬಲ್ಲವರೆಂದು ಅವರಿಗೆ ಹೆಸರು. ಅವರ ಬಂಡವಾಳವೆಂದರೆ ಅದೇ. ಮಗಳು ನಮ್ಮ ಶಾಲೆಯಲ್ಲಿ ಓದಿದವಳು, ಈಗ ಪದವಿ ತರಗತಿಯಲ್ಲಿರುವಳು. ತಂದೆಯ ಅನುಮತಿಯನ್ನು ಪಡೆದೇ ಅವಳು ಉಬುಂಟು ೨೨.೦೪ನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಬಂದು, ಒಂದು ಭಾನುವಾರ ಮಧ್ಯಾಹ್ನ ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸಿದಳು. ಕೆಲಸ ಸಾಂಗವಾಗಿ ಮುಗಿಯಿತು. ಆದರೆ ಯಂತ್ರ ಏನನ್ನೂ ಕೇಳದೆ ನೇರವಾಗಿ ಉಬುಂಟುವಿಗೆ ಹೋಯಿತು. ಆರಿಸಿ ಮತ್ತೆ ಹಾಕಿದರೂ ಉಬುಂಟುವೇ. ವಿಂಡೋಸಿನ ಹೆಸರೇ ಎಲ್ಲಿಯೂ ಇಲ್ಲ.

ತಂದೆ ಬೈಯಲಿಲ್ಲ; ಎದ್ದು ಹೋಗಿ ಜಗುಲಿಯ ಮೇಲೆ ಸುಮ್ಮನೆ ಕುಳಿತರು. ಹುಡುಗಿಗೆ ಅದೇ ಹೆಚ್ಚಿನ ಸಂಕಟವಾಯಿತು. ನೆರೆಯವರು ಬಂದು, “ಪೇಟೆಗೆ ಒಯ್ದು ಫಾರ್ಮ್ಯಾಟ್ ಮಾಡಿಸಿಬಿಡಿ, ಒಂದು ಗಂಟೆಯ ಕೆಲಸ” ಎಂದು ಹೇಳಿದರು. ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ಸಿದ್ಧಮಾಡಿಯೂ ಆಯಿತು. ಆಗ ಹುಡುಗಿ ನಮಗೆ ಫೋನು ಮಾಡಿ, “ಮಿಸ್, ಅಪ್ಪಾಜಿಯ ಪತ್ರಗಳೆಲ್ಲ ಹೋದವು” ಎಂದು ಅತ್ತಳು. ನಾವು ಹೇಳಿದ ಮೊದಲನೆಯ ಮಾತು, “ಅದನ್ನು ಬಸ್ಸಿಗೆ ಹತ್ತಿಸಬೇಡಮ್ಮ” ಎಂಬುದೇ.

ಫಾರ್ಮ್ಯಾಟ್ ಎಂಬ ಶಬ್ದವನ್ನು ನಮ್ಮ ಜನರು ಈಗ ಕಷಾಯದ ಹೆಸರಿನಂತೆ ಬಹು ಸಲೀಸಾಗಿ ಉಚ್ಚರಿಸುತ್ತಾರೆ. ಅದರ ಅರ್ಥವೇನೆಂದರೆ, ಡಿಸ್ಕಿನ ಒಂದು ಭಾಗದಲ್ಲಿ ಯಾವ ಫೈಲು ಎಲ್ಲಿದೆ ಎಂದು ಬರೆದಿಟ್ಟ ಪಟ್ಟಿಯನ್ನು ಅಳಿಸಿ ಬರಿದಾದ ಹೊಸ ಪಟ್ಟಿಯನ್ನು ಇಡುವುದು. ಗ್ರಾಮದ ಪಹಣಿ ಪುಸ್ತಕವನ್ನೆಲ್ಲ ಸುಟ್ಟು, ಬೆಳಗಿನಿಂದ ಹೊಸದಾಗಿ ಬರೆಯಲಾರಂಭಿಸಿದರೆ ಹೇಗೋ ಹಾಗೆ. ಆಮೇಲೆ ಅದರ ಮೇಲೆ ವಿಂಡೋಸನ್ನು ಹೊಸದಾಗಿ ಹಾಕಿದರೆ, ಹಳೆಯ ಫೈಲುಗಳಿದ್ದ ಜಾಗದಲ್ಲಿ ಹೊಸವು ಬಂದು ಕೂರುತ್ತವೆ. ಯಂತ್ರವೇನೋ ಹೊಸದರಂತೆ ಏಳುತ್ತದೆ, ಅಂಗಡಿಯವನ ಕೆಲಸ ಸರಿಯಾಗಿದೆ, ಅವನನ್ನು ದೂರುವಂತೆಯೂ ಇಲ್ಲ. ಹೇಳಿದ್ದನ್ನು ಅವನು ಮಾಡಿದ್ದಾನೆ. ಹೋದ ಪತ್ರಗಳು ಮಾತ್ರ ಹೋದುವು.

ಹಾಗಾದರೆ ಶ್ರೀರಾಂಪುರದ ಆ ಯಂತ್ರದಲ್ಲಿ ಆದದ್ದೇನು? ಇದನ್ನು ತಿಳಿಯಬೇಕಾದರೆ ಕಂಪ್ಯೂಟರು ಹೇಗೆ ಏಳುತ್ತದೆಂಬುದನ್ನು ಸ್ವಲ್ಪ ಅರಿತುಕೊಳ್ಳಬೇಕು. ಗುಂಡಿಯನ್ನು ಒತ್ತಿದ ಕೂಡಲೆ ಏಳುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನ ಮೇಲೆ ಒಂದು ಚಿಕ್ಕ ಚಿಪ್‌ನೊಳಗೆ ಯಂತ್ರದೊಡನೆಯೇ ಬಂದ ಒಂದು ತಂತ್ರಾಂಶವಿದೆ. ಅದು ಮೊದಲು ಎದ್ದು, ಕೀಲಿಮಣೆ, ಪರದೆ, ಡಿಸ್ಕು ಇವೆಯೇ ಎಂದು ನೋಡಿ, ಆ ಮೇಲೆ ಯಾರನ್ನು ಎಬ್ಬಿಸಬೇಕೆಂದು ಹುಡುಕುತ್ತದೆ. ಹಳೆಯ ಪದ್ಧತಿಯಲ್ಲಿ, ಅಂದರೆ ಬಯೋಸ್ ಪದ್ಧತಿಯಲ್ಲಿ, ಅದು ಡಿಸ್ಕಿನ ಮೊದಲನೆಯ ೫೧೨ ಬೈಟುಗಳನ್ನು ಮಾತ್ರ ಓದುತ್ತದೆ. ಅದರಲ್ಲಿ ೪೪೬ ಬೈಟುಗಳಲ್ಲಿ ಎಬ್ಬಿಸುವ ಆಜ್ಞೆಗಳು, ೬೪ ಬೈಟುಗಳಲ್ಲಿ ಡಿಸ್ಕನ್ನು ಹೇಗೆ ಭಾಗ ಮಾಡಿದೆ ಎಂಬ ಪಟ್ಟಿ, ಕೊನೆಯ ೨ ಬೈಟುಗಳು ರುಜುವಿನ ಗುರುತು. ಒಂದು ಮನೆಯ ಸಮಸ್ತ ಆಸ್ತಿಯೂ ಈ ೫೧೨ ಬೈಟುಗಳ ಬಾಗಿಲಿನ ಹಿಂದೆ ಇರುವುದು ಸೋಜಿಗವೇ ಸರಿ. ಹೊಸ ಪದ್ಧತಿಗೆ ಯುಇಎಫ್‌ಐ ಎಂದು ಹೆಸರು. ಇದರಲ್ಲಿ ಡಿಸ್ಕಿನ ಒಂದು ಚಿಕ್ಕ ಭಾಗವನ್ನು ಬಾಗಿಲಿಗೆಂದೇ ಮೀಸಲಿಟ್ಟಿರುತ್ತಾರೆ. ವಿಂಡೋಸು, ಉಬುಂಟು ಇವೆರಡೂ ಅಲ್ಲಿ ತಮ್ಮತಮ್ಮ ಹೆಸರಿನ ಫೋಲ್ಡರನ್ನು ಇಟ್ಟುಕೊಳ್ಳುತ್ತವೆ. ಯಾರನ್ನು ಮೊದಲು ಎಬ್ಬಿಸಬೇಕೆಂಬ ಸರದಿಯನ್ನು ಮದರ್‌ಬೋರ್ಡು ತನ್ನ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ.

ಸಾಮಾನ್ಯವಾಗಿ ಲಿನಕ್ಸನ್ನು ಎರಡನೆಯದಾಗಿ ಸ್ಥಾಪಿಸುವುದು ರೂಢಿ. ಹಿಂದೆ ಬಂದ ಈ ಕಿರಿಯನು ಬಾಗಿಲಿನಲ್ಲಿ ತನ್ನ ಕಾವಲುಗಾರನನ್ನು ನಿಲ್ಲಿಸುತ್ತಾನೆ. ಆ ಕಾವಲುಗಾರನಿಗೆ ಗ್ರಬ್ ಎಂದು ಹೆಸರು. ಯಾಕೋಬನು ಏಸಾವನ ಹಿಂದೆ ಹುಟ್ಟಿಯೂ ಜ್ಯೇಷ್ಠತ್ವದ ಹಕ್ಕನ್ನು ಪಡೆದುಕೊಂಡ ಕಥೆ ನಮ್ಮ ವಾಚಕಿಯರಿಗೆ ಜ್ಞಾಪಕವಿರಬಹುದು. ಆದರೆ ಗ್ರಬ್ ಮೋಸಗಾರನಲ್ಲ. ವಿಂಡೋಸನ್ನೂ ತನ್ನ ಪಟ್ಟಿಯಲ್ಲಿ ಬರೆದುಕೊಂಡು, ಯಾರು ಬೇಕೆಂದು ಕೇಳುತ್ತಾನೆ. ಮೊದಲು ಲಿನಕ್ಸನ್ನು ಹಾಕಿ ಆಮೇಲೆ ವಿಂಡೋಸನ್ನು ಹಾಕಿದರೆ ವಿಂಡೋಸು ಈ ಉಪಕಾರವನ್ನು ಹಿಂದಕ್ಕೆ ಮಾಡುವುದಿಲ್ಲ. ಅದಕ್ಕಾಗಿಯೇ ಆ ರೂಢಿ.

ಶ್ರೀರಾಂಪುರದ ಯಂತ್ರ ಮೊದಲು ವಿಂಡೋಸ್ ೭ರೊಡನೆ ಬಂದದ್ದು. ೨೦೧೫ರ ತರುವಾಯ ಅದನ್ನೇ ವಿಂಡೋಸ್ ೧೦ಕ್ಕೆ ಏರಿಸಿಕೊಂಡಿದ್ದರು. ಆದಕಾರಣ ಅದರ ವಿಂಡೋಸು ಹಳೆಯ ಬಯೋಸ್ ಬಾಗಿಲಿನಿಂದ ಏಳುವಂಥದು. ಮದರ್‌ಬೋರ್ಡಾದರೋ ಎರಡು ಪದ್ಧತಿಗಳನ್ನೂ ಬಲ್ಲದು. ಹುಡುಗಿಯ ಪೆನ್ ಡ್ರೈವು ಹೊಸ ಪದ್ಧತಿಯಲ್ಲಿ ಎದ್ದಿತು. ಉಬುಂಟು ೨೨.೦೪ರ ಸ್ಥಾಪಕ ಇಂತಹ ಸಂದರ್ಭದಲ್ಲಿ ಒಂದು ಎಚ್ಚರಿಕೆಯನ್ನು ಕೊಡುತ್ತದೆ: ತಾನು ಹೊಸ ಪದ್ಧತಿಯಲ್ಲಿ ಎದ್ದಿರುವೆನೆಂದೂ, ಇಲ್ಲಿ ಹಳೆಯ ಪದ್ಧತಿಯ ವ್ಯವಸ್ಥೆಯೊಂದು ಮೊದಲೇ ಇರುವಂತೆ ತೋರುತ್ತದೆಂದೂ, ಮುಂದುವರಿದರೆ ಅದನ್ನು ಎಬ್ಬಿಸುವುದು ಕಷ್ಟವಾಗಬಹುದೆಂದೂ ತಿಳಿಸುತ್ತದೆ. ಹುಡುಗಿ ಅದನ್ನು ಓದಿದಳು, ಅರ್ಥವಾಗಲಿಲ್ಲ, ಮುಂದುವರಿ ಎಂಬುದನ್ನು ಒತ್ತಿದಳು. ಇದಕ್ಕಾಗಿ ನಾವು ಅವಳನ್ನು ಹೆಚ್ಚಾಗಿ ದೂಷಿಸಲಾರೆವು. ಆ ಎಚ್ಚರಿಕೆ ಇಂಗ್ಲಿಷಿನಲ್ಲಿದೆ, ಅದರಲ್ಲಿಯೂ ಬಲ್ಲವರಿಗಾಗಿ ಬರೆದ ಇಂಗ್ಲಿಷಿನಲ್ಲಿದೆ.

ಹೀಗಾಗಿ ಒಂದೇ ಡಿಸ್ಕಿಗೆ ಎರಡು ಬಾಗಿಲುಗಳಾದುವು. ಹೊಸ ಬಾಗಿಲಿನಲ್ಲಿ ನಿಂತ ಗ್ರಬ್ ಹಳೆಯ ಬಾಗಿಲಿನ ವಿಂಡೋಸನ್ನು ಎಬ್ಬಿಸಲಾರದು. ಆದರೆ ಹಳೆಯ ಬಾಗಿಲನ್ನು ಯಾರೂ ಮುಟ್ಟಿಯೇ ಇಲ್ಲವಲ್ಲ! ಆ ೪೪೬ ಬೈಟುಗಳು ಇದ್ದಂತೆಯೇ ಇರಬೇಕೆಂದು ನಾವು ಊಹಿಸಿದೆವು. ಆರಿಸಿ ಹಾಕಿ, ತಯಾರಕರ ಹೆಸರು ಪರದೆಯಲ್ಲಿ ಕಾಣುವಷ್ಟರಲ್ಲಿ ಎಫ್೧೨ ಕೀಲಿಯನ್ನು ಒತ್ತುತ್ತಿರು ಎಂದು ಹೇಳಿದೆವು. (ಕೆಲವು ಯಂತ್ರಗಳಲ್ಲಿ ಇದು ಎಫ್೯, ಕೆಲವುಗಳಲ್ಲಿ ಎಸ್ಕೇಪ್; ಪರದೆಯ ಮೂಲೆಯಲ್ಲಿ ಕ್ಷಣಕಾಲ ಬರೆದಿರುತ್ತದೆ.) ಒಂದು ಪಟ್ಟಿ ಬಂದಿತು. ಅದರಲ್ಲಿ ಉಬುಂಟು ಒಂದು ಸಾಲು. ಲೆಗಸಿ ಎಂಬ ತಲೆಬರಹದ ಕೆಳಗೆ ಡಿಸ್ಕಿನ ಹೆಸರು ಇನ್ನೊಂದು ಸಾಲು. ಎರಡನೆಯದನ್ನು ಆರಿಸಿದಳು. ಪರದೆ ಕಪ್ಪಾಗಿ, ಸುತ್ತುವ ಚುಕ್ಕಿಗಳು ಬಂದು, ತಂದೆಯ ಹಳೆಯ ವಿಂಡೋಸು ಎದ್ದಿತು. ಮುಟ್ಟಿದವರು ಯಾರೂ ಇಲ್ಲ, ಕಳೆದದ್ದು ಏನೂ ಇಲ್ಲ.

ಇಷ್ಟರಲ್ಲಿ ಮತ್ತೊಂದು ಗಾಬರಿಯೂ ಆಗಿಹೋಗಿತ್ತು. ಅದು ಕನ್ನಡಿಗರಿಗೇ ವಿಶೇಷವಾದದ್ದು. ಎಫ್೧೨ರ ಮಾತಿಗೆ ಮೊದಲು ನಾವು ಹುಡುಗಿಗೆ ಹೇಳಿದ್ದೇನೆಂದರೆ, ಉಬುಂಟುವಿನ ಒಳಗಿನಿಂದಲೇ ಫೈಲುಗಳ ಕಿಟಕಿಯನ್ನು ತೆರೆದು, ಎಡಗಡೆಯಲ್ಲಿ ವಿಂಡೋಸಿನ ಭಾಗ ಕಾಣುತ್ತದೆಯೇ ನೋಡಿ, ಅಪ್ಪಾಜಿಯ ಫೋಲ್ಡರನ್ನು ಬೇರೊಂದು ಪೆನ್ ಡ್ರೈವಿಗೆ ನಕಲು ಮಾಡಿಕೋ ಎಂದು. ಏನನ್ನು ಸರಿಪಡಿಸುವುದಕ್ಕೂ ಮೊದಲು ನಕಲು. ಈ ನಿಯಮಕ್ಕೆ ನಾವು ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ. ಫೋಲ್ಡರು ಕಂಡಿತು. ಫೈಲುಗಳ ಹೆಸರುಗಳೂ ಇದ್ದುವು. ತಂದೆಯವರು ಜಗುಲಿಯಿಂದ ಎದ್ದು ಬಂದರು. ಒಂದು ಕ್ರಯಪತ್ರವನ್ನು ತೆರೆದು ನೋಡಿದರೆ, ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಚುಕ್ಕೆ, ಗೆರೆ, ಟೋಪಿಗಳು. “ಫೈಲು ಇದೆ, ಒಳಗಿನದೆಲ್ಲ ಕೆಟ್ಟುಹೋಗಿದೆ” ಎಂದು ಅವರು ಮತ್ತೆ ಹೋಗಿ ಕುಳಿತರು.

ಅದು ಕೆಟ್ಟಿರಲಿಲ್ಲ. ಹಳೆಯ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುವವರ ಪೆಟ್ಟಿಗೆಯನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಮಂಗಳೂರಿನ ಬಾಸೆಲ್ ಮಿಶನ್ನಿನವರು ಕಿಟ್ಟೆಲ್ ಪಂಡಿತರ ನಿಘಂಟನ್ನು ೧೮೯೪ರಲ್ಲಿ ಪ್ರಕಟಿಸಿದ ಕಾಲದಲ್ಲಿ, ಪೆಟ್ಟಿಗೆಯ ಯಾವ ಗೂಡಿನಲ್ಲಿ ಯಾವ ಮೊಳೆ ಇದೆಯೆಂಬುದು ಜೋಡಿಸುವವನ ಕೈಗೇ ಗೊತ್ತಿರುತ್ತಿತ್ತು. ಕನ್ನಡ ಗೂಡಿನೊಳಗೆ ಯಾರಾದರೂ ಇಂಗ್ಲಿಷ್ ಮೊಳೆಗಳನ್ನು ಹಾಕಿಟ್ಟರೆ, ಅವನು ಅದೇ ಗೂಡುಗಳಿಗೆ ಅದೇ ಕ್ರಮದಲ್ಲಿ ಕೈಹಾಕಿದರೂ ಅಚ್ಚಾಗುವುದು ಅರ್ಥವಿಲ್ಲದ ಇಂಗ್ಲಿಷು. ಶೇಷಾದ್ರಿವಾಸು ಅವರ ಬರಹ ೧೯೯೮ರಲ್ಲಿ ಬಂದಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನವರ ನುಡಿ ಬಂದಿತು. ಆಗ ಕಂಪ್ಯೂಟರಿನ ಗೂಡುಗಳಲ್ಲಿ ಇಂಗ್ಲಿಷಿಗೆಂದು ಗೊತ್ತುಮಾಡಿದ್ದ ಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ತುಂಬಿ ಕೆಲಸ ಸಾಗಿಸಿದರು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಅದಿಲ್ಲದಿದ್ದರೆ ತಾಲ್ಲೂಕು ಕಚೇರಿಗಳಲ್ಲಿ ಕನ್ನಡ ಕಂಪ್ಯೂಟರಿಗೆ ಏರುತ್ತಿರಲಿಲ್ಲ. ಆದರೆ ಆ ಅಕ್ಷರಮಾದರಿ, ಅಂದರೆ ಫಾಂಟು, ಇಲ್ಲದ ಯಂತ್ರದಲ್ಲಿ ತೆರೆದರೆ ಗೂಡುಗಳು ಇಂಗ್ಲಿಷು ಮೊಳೆಗಳನ್ನೇ ಕೊಡುತ್ತವೆ. ವಿಂಡೋಸಿನಲ್ಲಿರುವ ನುಡಿಯ ಫಾಂಟು ಫೈಲುಗಳನ್ನು ನಕಲು ಮಾಡಿ ಉಬುಂಟುವಿನಲ್ಲಿ ಸ್ಥಾಪಿಸಿದರೆ, ಲಿಬ್ರೆ ಆಫೀಸಿನಲ್ಲಿ ಅದೇ ಪತ್ರ ಕನ್ನಡವಾಗಿ ಕಾಣುತ್ತದೆ. ಹುಡುಗಿ ಹಾಗೆಯೇ ಮಾಡಿದಳು. ತಂದೆಯವರು ಆ ರಾತ್ರಿ ಊಟ ಮಾಡಿದರೆಂದು ತಿಳಿಯಿತು.

ನುಡಿ ವಿಂಡೋಸಿಗಾಗಿ ಮಾಡಿದ ತಂತ್ರಾಂಶ. ಆದುದರಿಂದ ಹಳೆಯ ಪತ್ರಗಳನ್ನು ತಿದ್ದುವ ಕೆಲಸವಿರುವ ಮನೆಯವರು ಒಮ್ಮೆಲೇ ವಿಂಡೋಸನ್ನು ಬಿಡಲಾರರು. ಎರಡೂ ಬೇಕಾಗುವುದು ಇಂಥವರಿಗೇ. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸ ಮಾತ್ರ ಲಿನಕ್ಸಿನಲ್ಲಿಯೂ ಕಗಪ ಎಂಬ ಹೆಸರಿನಿಂದ ದೊರೆಯುವುದರಿಂದ, ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದಿಲ್ಲ.

ಇನ್ನು ಬೇರೆ ಮನೆಗಳಿಂದ ಬಂದ ದೂರುಗಳನ್ನು ನೋಡೋಣ. ಯಂತ್ರ ನೇರವಾಗಿ ವಿಂಡೋಸಿಗೆ ಹೋಗಿ ಲಿನಕ್ಸು ಕಾಣದಿದ್ದರೆ, ಹೊಸ ಪದ್ಧತಿಯ ಯಂತ್ರಗಳಲ್ಲಿ ಸರದಿಯ ಪಟ್ಟಿ ತಿರುಗಿಹೋಗಿರುವುದೇ ಸಾಮಾನ್ಯ ಕಾರಣ. ವಿಂಡೋಸಿನ ದೊಡ್ಡ ಪರಿಷ್ಕರಣವೊಂದರ ತರುವಾಯ ಹೀಗಾಗುವುದುಂಟು. ಮದರ್‌ಬೋರ್ಡಿನ ಸೆಟ್ಟಿಂಗಿಗೆ ಹೋಗಿ ಉಬುಂಟುವನ್ನು ಮೇಲಕ್ಕೆ ಏರಿಸಿದರೆ ಸಾಕು. ಎರಡೂ ಒಂದೇ ಪದ್ಧತಿಯವಾಗಿದ್ದೂ ಗ್ರಬ್ ಪಟ್ಟಿಯಲ್ಲಿ ವಿಂಡೋಸು ಇಲ್ಲದಿದ್ದರೆ, ಅದಕ್ಕೆ ಬೇರೆ ಕಾರಣ. ೨೦೨೧ರಲ್ಲಿ ಬಂದ ೨.೦೬ನೆಯ ಆವೃತ್ತಿಯಿಂದ ಗ್ರಬ್ಬಿನ ಕರ್ತೃಗಳು, ಇತರ ವ್ಯವಸ್ಥೆಗಳನ್ನು ಹುಡುಕುವ ಓಎಸ್ ಪ್ರೋಬರ್ ಎಂಬ ಸಹಾಯಕನನ್ನು ರಕ್ಷಣೆಯ ದೃಷ್ಟಿಯಿಂದ ಸುಮ್ಮನೆ ಕೂರಿಸಿದ್ದಾರೆ. ಗ್ರಬ್ಬಿನ ಸೆಟ್ಟಿಂಗಿನ ಫೈಲಿನಲ್ಲಿ ಅವನನ್ನು ನಿಷೇಧಿಸುವ ಸಾಲಿಗೆ ‘ಫಾಲ್ಸ್’ ಎಂದು ಬರೆದು, ಟರ್ಮಿನಲ್ಲಿನಲ್ಲಿ ‘ಸುಡೋ ಅಪ್‌ಡೇಟ್-ಗ್ರಬ್’ ಎಂಬ ಆಜ್ಞೆಯನ್ನು ಕೊಟ್ಟರೆ ವಿಂಡೋಸು ಪಟ್ಟಿಗೆ ಬರುತ್ತದೆ.

ಪರದೆ ಕಪ್ಪಾಗಿ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಶಬ್ದಗಳು ಮಾತ್ರ ನಿಂತಿದ್ದರೆ, ಯಾರೋ ವಿಂಡೋಸಿನ ಒಳಗಿನಿಂದ ಲಿನಕ್ಸಿನ ಭಾಗವನ್ನು ಅಳಿಸಿದ್ದಾರೆಂದು ಮೊದಲು ಶಂಕಿಸಬೇಕು. ಮನೆಯ ಅಣ್ಣತಮ್ಮಂದಿರು ಆಟಗಳಿಗೆ ಜಾಗ ಮಾಡಿಕೊಳ್ಳಲು ಈ ಕೆಲಸ ಮಾಡುವುದನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇವೆ. ಬಾಗಿಲಿನಲ್ಲಿ ಕಾವಲುಗಾರ ನಿಂತಿದ್ದಾನೆ, ಅವನ ಮನೆ ಮಾತ್ರ ಇಲ್ಲ. ಆಗಲೂ ವಿಂಡೋಸಿನ ಫೈಲುಗಳು ಇದ್ದಲ್ಲಿಯೇ ಇರುತ್ತವೆ. ಹೊಸ ಪದ್ಧತಿಯಲ್ಲಿ ಸರದಿಯನ್ನು ಬದಲಿಸುವುದರಿಂದಲೂ, ಹಳೆಯ ಪದ್ಧತಿಯಲ್ಲಿ ವಿಂಡೋಸಿನ ದುರಸ್ತಿಯ ಪೆನ್ ಡ್ರೈವಿನಿಂದ ಬಾಗಿಲನ್ನು ಮಾತ್ರ ಹೊಸದಾಗಿ ಬರೆಯಿಸುವುದರಿಂದಲೂ ಯಂತ್ರ ಏಳುತ್ತದೆ.

೨೦೨೪ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಲೋಕದ ಅನೇಕ ಕಡೆ ಎರಡು ವ್ಯವಸ್ಥೆಗಳ ಯಂತ್ರಗಳು ಒಮ್ಮೆಲೇ ನಿಂತುಹೋದುವು. ಆ ತಿಂಗಳ ವಿಂಡೋಸ್ ಪರಿಷ್ಕರಣವು, ಹಳೆಯದಾದ ಲಿನಕ್ಸ್ ಕಾವಲುಗಾರರನ್ನು ನಂಬತಕ್ಕದ್ದಲ್ಲವೆಂದು ಸೆಕ್ಯೂರ್ ಬೂಟಿನ ಪಟ್ಟಿಯಲ್ಲಿ ಬರೆಯಿತು. ಎರಡು ವ್ಯವಸ್ಥೆಗಳ ಯಂತ್ರಗಳಿಗೆ ಇದು ಅನ್ವಯಿಸಬಾರದಾಗಿತ್ತು, ಆದರೂ ಅನ್ವಯಿಸಿತು. ೨೦೨೫ರ ಮೇ ತಿಂಗಳಿನ ಪರಿಷ್ಕರಣಗಳಲ್ಲಿ ಸರಿಹೋಯಿತೆಂದು ಮೈಕ್ರೋಸಾಫ್ಟಿನವರು ತಿಳಿಸಿದರು. ಆಗ ಕೆಟ್ಟ ಯಂತ್ರ ಇನ್ನೂ ಮೂಲೆಯಲ್ಲಿದ್ದರೆ, ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆರಿಸಿ, ಉಬುಂಟುವನ್ನು ಎಬ್ಬಿಸಿ ಪೂರ್ತಿಯಾಗಿ ಪರಿಷ್ಕರಿಸಿ, ಮತ್ತೆ ಸೆಕ್ಯೂರ್ ಬೂಟನ್ನು ಹಾಕಬಹುದು. ಆದರೆ ನಿಲ್ಲಿರಿ. ಈಚಿನ ಯಂತ್ರಗಳಲ್ಲಿ ಅನೇಕವು ಕೊಂಡವರಿಗೆ ತಿಳಿಯದಂತೆಯೇ ಬಿಟ್‌ಲಾಕರ್ ಎಂಬ ಬೀಗವನ್ನು ಡಿಸ್ಕಿಗೆ ಹಾಕಿಕೊಂಡಿರುತ್ತವೆ. ಬಾಗಿಲಿನ ಸೆಟ್ಟಿಂಗನ್ನು ಅಲುಗಿಸಿದ ಕೂಡಲೆ ಅದು ೪೮ ಅಂಕಿಗಳ ಕೀಲಿಯನ್ನು ಕೇಳಬಹುದು. ಕೀಲಿ ಇಲ್ಲದಿದ್ದರೆ ಅಲ್ಲಿರುವ ಫೈಲುಗಳನ್ನು ಯಾವ ಬುದ್ಧಿವಂತರೂ ತೆರೆಯಲಾರರು. ನಮ್ಮ ಪಾಠದಲ್ಲಿ ನಿಜವಾದ ನಷ್ಟದ ಸ್ಥಳ ಇದೊಂದು. ಆದುದರಿಂದ ಲಿನಕ್ಸನ್ನು ತರುವುದಕ್ಕೆ ಮೊದಲೇ ವಿಂಡೋಸಿನಲ್ಲಿ ಈ ಬೀಗ ಇದೆಯೇ ಎಂದು ನೋಡಿ, ಇದ್ದರೆ ಆ ೪೮ ಅಂಕಿಗಳನ್ನು ಕಾಗದದ ಮೇಲೆ ಬರೆದು, ಪಡಿತರ ಚೀಟಿಯ ಜೊತೆಯಲ್ಲಿಡಬೇಕು. ಕಂಪ್ಯೂಟರಿನ ಒಳಗೇ ಬರೆದಿಟ್ಟ ಒಬ್ಬ ಜಾಣೆಯನ್ನು ನಾವು ಬಲ್ಲೆವು.

ನಿಜವಾದ ನಷ್ಟದ ಇನ್ನೊಂದು ಸ್ಥಳವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇದರಲ್ಲಿ ಯಂತ್ರ ಸುಖವಾಗಿ ಏಳುತ್ತದೆ, ತೊಡಕು ಕಣ್ಣಿಗೆ ಬೀಳುವುದಿಲ್ಲ. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಈಚೆಗೆ, ಶಟ್ ಡೌನ್ ಎಂದು ಒತ್ತಿದರೆ ವಿಂಡೋಸು ಪೂರ್ತಿಯಾಗಿ ಮಲಗುವುದಿಲ್ಲ. ಮರುದಿನ ಬೇಗ ಏಳಲೆಂದು ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನ ಮೇಲೆ ಬರೆದಿಟ್ಟು, ಲೆಕ್ಕದ ಪುಸ್ತಕವನ್ನು ಮುಚ್ಚದೆ, ಪುಟದ ನಡುವೆ ಕಡ್ಡಿಯಿಟ್ಟು ಹೋಗುತ್ತದೆ. ಇದಕ್ಕೆ ಫಾಸ್ಟ್ ಸ್ಟಾರ್ಟಪ್ ಎಂದು ಹೆಸರು. ಒಬ್ಬರೇ ಬರೆಯುವ ಪುಸ್ತಕವಾದರೆ ತೊಂದರೆಯಿಲ್ಲ. ಆದರೆ ಆ ನಡುವೆ ಲಿನಕ್ಸು ಬಂದು ಅದೇ ಪುಸ್ತಕದಲ್ಲಿ ಹೊಸ ಫೈಲನ್ನು ಬರೆದರೆ, ವಿಂಡೋಸು ಎದ್ದು ತನ್ನ ನೆನಪಿನಲ್ಲಿರುವ ಹಳೆಯ ಲೆಕ್ಕದ ಪ್ರಕಾರ ಮುಂದುವರಿಯುತ್ತದೆ. ಎರಡು ಲೆಕ್ಕಗಳು ಕೂಡಿ ಪುಟ ಕೆಡುತ್ತದೆ. ಇದನ್ನು ತಿಳಿದೇ ಲಿನಕ್ಸು ಅಂತಹ ಭಾಗವನ್ನು ಓದಲು ಮಾತ್ರ ಕೊಟ್ಟು, ಬರೆಯಲು ಬಿಡುವುದಿಲ್ಲ, ಅಥವಾ ತೆರೆಯುವುದೇ ಇಲ್ಲ. ಹುಡುಗಿಯರು ಇದನ್ನು ಲಿನಕ್ಸಿನ ದೋಷವೆಂದು ತಿಳಿದು, ಎಲ್ಲಿಯೋ ಓದಿದ ಆಜ್ಞೆಯಿಂದ ಆ ನಿದ್ರೆಯ ಫೈಲನ್ನು ಅಳಿಸಿ ಬಲಾತ್ಕಾರವಾಗಿ ತೆರೆಯುತ್ತಾರೆ. ಹಾಗೆ ಮಾಡತಕ್ಕದ್ದಲ್ಲ. ಲಿನಕ್ಸು ಅಲ್ಲಿ ನಿಮ್ಮ ತಂದೆಯ ಪತ್ರಗಳನ್ನು ಕಾಯುತ್ತಿದೆ. ವಿಂಡೋಸಿಗೇ ಹಿಂದಿರುಗಿ, ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸಿನಲ್ಲಿ ಫಾಸ್ಟ್ ಸ್ಟಾರ್ಟಪ್ಪಿನ ಗುರುತನ್ನು ತೆಗೆದು, ಆಮೇಲೆ ಆರಿಸಬೇಕು. ಅದು ಕೂಡದಿದ್ದರೆ ಶಟ್ ಡೌನಿನ ಬದಲು ರೀಸ್ಟಾರ್ಟ್ ಒತ್ತಿದರೂ ಆಗುತ್ತದೆ, ಏಕೆಂದರೆ ರೀಸ್ಟಾರ್ಟಿನಲ್ಲಿ ಪುಸ್ತಕ ಪೂರ್ತಿಯಾಗಿ ಮುಚ್ಚುತ್ತದೆ.

ಶ್ರೀರಾಂಪುರದ ಹುಡುಗಿ ಎರಡು ವಾರಗಳ ತರುವಾಯ ಮತ್ತೆ ಫೋನು ಮಾಡಿದಳು. ಈ ಸಲ ಅಳು ಇರಲಿಲ್ಲ, ದೂರು ಇತ್ತು. ಉಬುಂಟುವಿನಲ್ಲಿ ಕೆಲಸ ಮಾಡಿ ವಿಂಡೋಸಿಗೆ ಹೋದಾಗಲೆಲ್ಲ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆಂದು. ಬೆಳಗ್ಗೆ ಹತ್ತು ಗಂಟೆಗೆ ಬರೆದ ಪತ್ರದ ಮೇಲೆ ನಾಲ್ಕೂವರೆ ಎಂದು ಬೀಳುತ್ತದೆಂದು. ತಂದೆಯವರಿಗೆ ತಾರೀಖು, ವೇಳೆಗಳಲ್ಲಿ ಬಹು ನಿಷ್ಠೆ. ಅಂತರ ಐದೂವರೆ ಗಂಟೆಯೆಂದು ಕೇಳಿದ ಕೂಡಲೆ ಭೂಗೋಳ ಓದಿದ ಹುಡುಗಿಯರಿಗೆ ಕಾರಣ ಹೊಳೆಯಬೇಕು: ನಮ್ಮ ದೇಶದ ವೇಳೆ ೮೨½ ಡಿಗ್ರಿ ಪೂರ್ವ ರೇಖಾಂಶದ್ದು, ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ. ಮದರ್‌ಬೋರ್ಡಿನ ಮೇಲೆ ಒಂದು ಚಿಕ್ಕ ಬಟನ್ ಸೆಲ್ಲಿನಿಂದ ನಡೆಯುವ ಗಡಿಯಾರವಿದೆ. ಅದರಲ್ಲಿರುವುದು ಊರಿನ ವೇಳೆಯೆಂದು ವಿಂಡೋಸು ತಿಳಿಯುತ್ತದೆ. ಲಿನಕ್ಸು ಅದರಲ್ಲಿ ಜಗತ್ತಿನ ಸಾಮಾನ್ಯ ವೇಳೆಯನ್ನು ಇಟ್ಟು, ಐದೂವರೆ ಗಂಟೆಯನ್ನು ತಾನೇ ಕೂಡಿಸಿ ತೋರಿಸುತ್ತದೆ. ಇಬ್ಬರೂ ತಮ್ಮತಮ್ಮ ಲೆಕ್ಕದಲ್ಲಿ ಸರಿ. ಹೊರದೇಶಗಳ ಪುಸ್ತಕಗಳಲ್ಲಿ ಲಿನಕ್ಸಿನ ಪದ್ಧತಿಯೇ ಉತ್ತಮವೆಂದೂ ವಿಂಡೋಸನ್ನೇ ತಿದ್ದಬೇಕೆಂದೂ ಹೇಳುತ್ತಾರೆ. ಅಲ್ಲಿ ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರವನ್ನು ತಿರುಗಿಸುವ ತಾಪತ್ರಯವಿದೆ. ನಮ್ಮ ದೇಶದಲ್ಲಿ ಅದಿಲ್ಲವಾದ್ದರಿಂದ, ಲಿನಕ್ಸಿಗೇ ಊರಿನ ವೇಳೆಯನ್ನು ಇಟ್ಟುಕೊಳ್ಳೆಂದು ಹೇಳುವುದು ಸುಲಭವೆಂದು ನಮ್ಮ ಅಭಿಪ್ರಾಯ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ ೧’ ಎಂಬ ಒಂದೇ ಸಾಲಿನಿಂದ ಇದು ಆಗುತ್ತದೆ. ಉಬುಂಟು ಇದಕ್ಕೆ ಗೊಣಗುವಂತೆ ಒಂದು ಎಚ್ಚರಿಕೆಯನ್ನು ತೋರಿಸುತ್ತದೆ. ಈ ಎಚ್ಚರಿಕೆಯನ್ನು ಮಾತ್ರ ಓದಿ ಮುಂದುವರಿಯಬಹುದು.

ಇನ್ನೂ ಸ್ಥಾಪಿಸದವರಿಗೆ ಒಂದು ಮಾತು. ಲಿನಕ್ಸಿಗೆ ಜಾಗ ಮಾಡಲು ವಿಂಡೋಸಿನ ಭಾಗವನ್ನು ಕಿರಿದುಮಾಡುವ ಕೆಲಸವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಮಾಡಿರಿ. ತನ್ನ ಯಾವ ಫೈಲನ್ನು ಸರಿಸಬಹುದು, ಯಾವುದನ್ನು ಸರಿಸಬಾರದು ಎಂಬುದನ್ನು ಅದೇ ಬಲ್ಲದು. ಆ ಕೆಲಸ ನಡೆಯುವಾಗ ಕರೆಂಟು ಹೋದರೆ ಮೇಲೆ ಹೇಳಿದ ಸಮಾಧಾನದ ಮಾತುಗಳಿಗೆಲ್ಲ ಬೆಲೆಯಿರುವುದಿಲ್ಲ. ಸಾಮಾನು ಸಾಗಿಸುವ ಗಾಡಿ ದಾರಿಯ ನಡುವೆ ಮುರಿದಂತೆ. ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿರಲಿ. ಮೇಜಿನ ಯಂತ್ರವಾದರೆ ಯುಪಿಎಸ್ ಇಲ್ಲದೆ ಕೈಹಾಕಬೇಡಿರಿ. ಊರಿನಲ್ಲಿ ಕರೆಂಟು ಯಾವಾಗ ಹೋಗುತ್ತದೆಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಹಳೆಯ ಯಂತ್ರವಾದರೆ, ವಿಂಡೋಸು ಯಾವ ಪದ್ಧತಿಯದೆಂದು ಮೊದಲು ನೋಡಿರಿ. ವಿಂಡೋಸಿನ ಸಿಸ್ಟಂ ಇನ್ಫರ್ಮೇಶನ್ ಎಂಬ ಪುಟದಲ್ಲಿ ಬಯೋಸ್ ಮೋಡ್ ಎಂಬ ಸಾಲಿನ ಎದುರಿಗೆ ಲೆಗಸಿ ಎಂದೋ ಯುಇಎಫ್‌ಐ ಎಂದೋ ಬರೆದಿರುತ್ತದೆ. ಪೆನ್ ಡ್ರೈವನ್ನೂ ಅದೇ ಪದ್ಧತಿಯಲ್ಲಿ ಎಬ್ಬಿಸಿರಿ.

ನಮ್ಮ ಹುಡುಗಿ ತಂದೆಯ ಫೈಲುಗಳ ಎರಡು ನಕಲುಗಳನ್ನು ಮಾಡಿ, ಒಂದನ್ನು ಸೋದರಮಾವನ ಮನೆಯಲ್ಲಿಟ್ಟ ಮೇಲೆಯೇ ಕಾಯಂ ದುರಸ್ತಿಗೆ ಕೈಹಾಕಿದಳು. ಪೆನ್ ಡ್ರೈವನ್ನು ಲೆಗಸಿ ಪದ್ಧತಿಯಲ್ಲಿ ಎಬ್ಬಿಸಿ, ಗ್ರಬ್ಬನ್ನು ಹಳೆಯ ಬಾಗಿಲಿಗೆ ಹೊಸದಾಗಿ ಬರೆಯಿಸಿ, ಮದರ್‌ಬೋರ್ಡಿನಲ್ಲಿ ಹೊಸ ಪದ್ಧತಿಯನ್ನು ನಿಲ್ಲಿಸಿದಳು. ಈಗ ಯಂತ್ರ ಎದ್ದಾಗ ಎರಡು ಹೆಸರುಗಳೂ ಬರುತ್ತವೆ. ತಂದೆಯವರು ವಿಂಡೋಸಿನಲ್ಲಿಯೇ ಬರೆಯುತ್ತಾರೆ. ಆದರೆ ಬೆಂಬಲ ನಿಂತ ವಿಂಡೋಸನ್ನು ಇಂಟರ್ನೆಟ್ಟಿಗೆ ಸೇರಿಸುವುದಿಲ್ಲ. ಅದರ ಕೆಲಸಗಳನ್ನು ಮಗಳು ಉಬುಂಟುವಿನಲ್ಲಿ ಮಾಡಿಕೊಡುತ್ತಾಳೆ.

ಹಳೆಯ ಪತ್ರಗಳನ್ನು ನುಡಿಯ ಗೂಡುಗಳಿಂದ ಯೂನಿಕೋಡಿಗೆ ತರುವ ಕೆಲಸವನ್ನೂ ಅವಳು ರಜೆಯಲ್ಲಿ ಆರಂಭಿಸಿದ್ದಾಳೆ. ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಆದರೆ ಅರ್ಕಾವೊತ್ತಿನಲ್ಲಿ ಎಚ್ಚರವಿರಬೇಕು. ನುಡಿಯ ಹಳೆಯ ಕ್ರಮದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಬಲಗಡೆಯಲ್ಲಿ, ಅದರ ತರುವಾಯ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಪ್ರಕಾರ ರಕಾರ ಮೊದಲು ಬರಬೇಕು. ಪರಿವರ್ತಕ ಇವನ್ನು ಹಿಂದುಮುಂದು ಮಾಡಿ ಜೋಡಿಸಬೇಕಾಗುತ್ತದೆ. ಇದಲ್ಲದೆ ಬೆರಳಚ್ಚಿನ ಕಾಲದ ಅಭ್ಯಾಸದಿಂದ ಕೆಲವು ಪತ್ರಗಳಲ್ಲಿ ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತರ ಅಂಕಿಯನ್ನೇ ಒತ್ತಿರುತ್ತಾರೆ. ಪರಿವರ್ತಕ ಅದನ್ನು ಅಂಕಿಯೆಂದೇ ತಿಳಿದು ಹಾಗೆಯೇ ಬಿಡುತ್ತದೆ. ಚಿತ್ರದುರ್ಗ ಜಿಲ್ಲೆ, ಹೊಸದುರ್ಗ ತಾಲ್ಲೂಕು ಎಂದು ಪ್ರತಿಯೊಂದು ಪತ್ರದಲ್ಲಿಯೂ ಬರುವುದರಿಂದ ಪತ್ರಕ್ಕೆ ಎರಡು ಸಲವಾದರೂ ಈ ಪರೀಕ್ಷೆ ತಪ್ಪದು. ಹೊಸದುರ್ಗ ಎಂದು ಹುಡುಕಿದರೆ ಸಿಕ್ಕದ ಪತ್ರಗಳನ್ನು ಅವಳು ಈಗ ಹೊಸದುಗ೯ ಎಂದು ಹುಡುಕಿ, ಒಂದೊಂದಾಗಿ ತಿದ್ದುತ್ತಿದ್ದಾಳೆ. ತಂದೆಯವರು ಪಕ್ಕದಲ್ಲಿ ಕುಳಿತು ಮೂಲದೊಡನೆ ಓದಿ ಹೇಳುತ್ತಾರೆ.